ನಗುವಿನ ಪುಸ್ತಕವೂ ಹೆಣ್ಣುಮಕ್ಕಳ ಶಿಕ್ಷಣವೂ

ಕಳೆದ ವರ್ಷ ನಮ್ಮ ಶಾಲೆಯ ಪುಸ್ತಕಭಂಡಾರದಿಂದ ಬಾಲಿಕೆಯೊಬ್ಬಳು ಮನೆಗೆ ಒಯ್ದಿದ್ದ ಇಂಗ್ಲಿಷ್ ಕಾದಂಬರಿಯೊಂದನ್ನು ಅವಳ ತಂದೆಯವರು ತಾವೇ ತಂದು ನಮ್ಮ ಮೇಜಿನ ಮೇಲಿಟ್ಟು, "ಅಮ್ಮನವರೇ, ಇದರಲ್ಲಿ ನಗುವಲ್ಲದೆ ನೀತಿಯೇನೂ ಕಾಣಲಿಲ್ಲ" ಎಂದರು. ಅಂದು ಉಪಚಾರದ ಮಾತನ್ನಾಡಿ ಅವರನ್ನು ಬೀಳ್ಕೊಟ್ಟೆವು. ತಕ್ಕ ಉತ್ತರವನ್ನು ಕೊಡಲಿಲ್ಲವೆಂಬ ಕೊರತೆಯು ಉಳಿದಿರುವುದರಿಂದ, ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಅದನ್ನು ಇಲ್ಲಿ ಬಿನ್ನವಿಸುತ್ತೇವೆ.

ಆ ಗ್ರಂಥವು ಜೆರೋಮ್ ಕೆ. ಜೆರೋಮ್ ಎಂಬ ಆಂಗ್ಲ ಲೇಖಕನು ೧೯೦೦ರಲ್ಲಿ ಪ್ರಕಟಿಸಿದ 'ತ್ರೀ ಮೆನ್ ಆನ್ ದ ಬಮ್ಮೆಲ್'. ೧೮೮೯ರಲ್ಲಿ ಪ್ರಕಟವಾದ ಆತನ ಪುಸ್ತಕದಲ್ಲಿ ಥೇಮ್ಸ್ ನದಿಯ ಮೇಲೆ ದೋಣಿ ನಡೆಸಿದ ಮೂವರು ಮಿತ್ರರೇ ಇಲ್ಲಿ ಇಬ್ಬರು ತುಳಿಯುವ ಬೈಸಿಕಲ್ಲೊಂದನ್ನೂ ಒಬ್ಬನು ತುಳಿಯುವ ಬೈಸಿಕಲ್ಲೊಂದನ್ನೂ ತೆಗೆದುಕೊಂಡು ಜರ್ಮನಿಯ ಬ್ಲಾಕ್ ಫಾರೆಸ್ಟಿಗೆ ಹೊರಡುತ್ತಾರೆ. ನೆಟ್ಟಗಿದ್ದ ಗಾಡಿಯನ್ನು ದುರಸ್ತಿ ಮಾಡುವೆನೆಂದು ಬಿಚ್ಚಿ, ಮತ್ತೆ ಜೋಡಿಸಲಾರದೆ ಒದ್ದಾಡುವ ಮಹಾಶಯನೊಬ್ಬನು ಇದರಲ್ಲಿದ್ದಾನೆ. ಹಿಂದೆ ಕುಳಿತ ಹೆಂಡತಿಯು ಇಳಿದುಹೋದದ್ದನ್ನು ಅರಿಯದೆ ಮೈಲಿಗಟ್ಟಲೆ ತುಳಿದ ಹ್ಯಾರಿಸನೂ ಇದ್ದಾನೆ. ಇಂಥವರನ್ನು ನೋಡಿ ನಕ್ಕ ಹುಡುಗಿಯು ತನ್ನ ಅಲ್ಪಜ್ಞಾನದ ಗರ್ವವನ್ನೂ ಗುರುತಿಸಿಕೊಂಡರೆ, ಅದು ನೀತಿಪಾಠವಲ್ಲವೇ?

ಆದರೆ ನಮ್ಮನ್ನು ಹೆಚ್ಚಾಗಿ ತಟ್ಟಿದ ಭಾಗವು ಬೇರೆಯದು. ಜರ್ಮನಿಯ ಅಚ್ಚುಕಟ್ಟನ್ನು ಲೇಖಕನು ಮೆಚ್ಚುತ್ತಾನೆ. ಹೆಜ್ಜೆಹೆಜ್ಜೆಗೂ ಅಡ್ಡಬರುವ ನಿಯಮಗಳನ್ನೂ ಪೋಲೀಸರನ್ನೂ ಕಂಡು ನಗುತ್ತಾನೆ. ನಗುತ್ತಲೇ ಗಂಭೀರನಾಗಿ, ಆಜ್ಞಾಪಾಲನೆಯನ್ನೇ ಧರ್ಮವೆಂದು ಕಲಿತ ಜನರು ಆಳುವವರು ಒಳ್ಳೆಯವರಾಗಿರುವ ತನಕ ಸುಖವಾಗಿರುವರು, ಆಳ್ವಿಕೆಯ ಯಂತ್ರವು ಕೆಟ್ಟಾಗಲೇ ಅವರ ಕಷ್ಟವು ಮೊದಲಾಗುವುದು ಎಂಬರ್ಥದ ಮಾತನ್ನು ಹೇಳುತ್ತಾನೆ. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ಏನಾಯಿತೆಂಬುದನ್ನು ಲೋಕವೆಲ್ಲ ಬಲ್ಲದು. ಅದನ್ನು ಕಾಣಲು ೧೯೨೭ರಲ್ಲಿ ತೀರಿಕೊಂಡ ಲೇಖಕನು ಬದುಕಿರಲಿಲ್ಲ. ಗಂಟೆಯ ಸದ್ದಿಗೆ ಸಾಲಾಗಿ ನಿಲ್ಲುವುದನ್ನು ಮಕ್ಕಳಿಗೆ ಕಲಿಸುವ ನಮಗೆ ಈ ಪುಟಗಳು ಮುಳ್ಳಿನಂತೆ ಚುಚ್ಚುತ್ತವೆ. ಶಿಸ್ತು ಬೇಕು, ಆದರೆ ಮನಸ್ಸಾಕ್ಷಿಯಿಲ್ಲದ ಶಿಸ್ತು ಯಾರ ಕೈಗಾದರೂ ಸಿಕ್ಕುವ ಆಯುಧವು. ಹೇಳಿದಂತೆ ಕೇಳುವ ಹುಡುಗಿಯನ್ನು ನಾವೂ ಪೋಷಕರೂ ಬಹಳ ಹೊಗಳುತ್ತೇವೆ. ಏಕೆಂದು ಕೇಳುವವಳನ್ನು ಅಷ್ಟೇ ಹೊಗಳುತ್ತೇವೆಯೇ?

ಇದರಲ್ಲಿ ದೋಷಗಳಿಲ್ಲವೆಂದಲ್ಲ. ಕೆಲವು ವಾರಗಳ ಪ್ರವಾಸದಿಂದ ಒಂದು ಜನಾಂಗವನ್ನೇ ಅಳೆಯುವುದು ಸರಿಯಲ್ಲ. ಪ್ರವಾಸವು ಗಂಡಸರದು, ಹೆಂಡಂದಿರು ಮನೆಯಲ್ಲಿ ಉಳಿಯುತ್ತಾರೆ. ಆದರೂ ಜರ್ಮನಿಯನ್ನು ಬದಲಾಯಿಸುವವರು ಯಾರಾದರೂ ಇದ್ದರೆ ಅಲ್ಲಿಯ ಹೆಂಗಸರೇ ಎಂದು ಈ ಲೇಖಕನು ಕಂಡುಕೊಂಡನು. ಹತ್ತು ವರ್ಷಗಳ ಹಿಂದೆ ಮಾನಕ್ಕೆ ಅಂಜಿ ಬೈಸಿಕಲ್ಲನ್ನು ಮುಟ್ಟದಿದ್ದವರು ಸಾವಿರಾರು ಸಂಖ್ಯೆಯಲ್ಲಿ ಸವಾರಿ ಮಾಡುವುದನ್ನೂ, ಹಿರಿಯರು ತಲೆಯಾಡಿಸುವುದನ್ನೂ ಆತನು ವರ್ಣಿಸಿದ್ದಾನೆ. ಆ ತಲೆಯಾಡಿಸುವಿಕೆಯು ನಮ್ಮ ನಾಡಿಗೂ ಹೊಸದಲ್ಲ. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚತೊಡಗಿದಾಗ, ದೂರದ ಹಳ್ಳಿಯ ಹುಡುಗಿಗೆ ಅದು ಬರಿಯ ವಾಹನವಾಗಿರಲಿಲ್ಲ. ಓದು ಮುಂದುವರಿಸುವ ದಾರಿಯೂ ಆಗಿತ್ತು.

ಬೈಸಿಕಲ್ಲು ಕಲಿಸುವವರು ಮೊದಲು ಹಿಂದಿನಿಂದ ಹಿಡಿದು ಓಡುತ್ತಾರೆ. ಆದರೆ ಯಾವಾಗಲೋ ಒಮ್ಮೆ ಕೈಬಿಡದಿದ್ದರೆ ಮಗುವು ಸವಾರಿ ಕಲಿಯುವುದಿಲ್ಲ. ಓದಿನ ವಿಷಯದಲ್ಲಿಯೂ ಹಾಗೆಯೇ ಎಂದು ನಮ್ಮ ನಂಬಿಕೆ. ಆ ಪುಸ್ತಕವನ್ನು ಪುಸ್ತಕಭಂಡಾರದಲ್ಲಿ ಅದರ ಸ್ಥಾನದಲ್ಲಿಯೇ ಮತ್ತೆ ಇಟ್ಟಿದ್ದೇವೆ. ಅದನ್ನು ಹಿಂದಿರುಗಿಸಿದ ಆ ಮಾನ್ಯ ತಂದೆಯವರು ತಾವೇ ಒಮ್ಮೆ ಓದಿ, ಮಗಳೊಡನೆ ಕುಳಿತು ನಗಬೇಕೆಂದು ಪ್ರೀತಿಯಿಂದ ಬೇಡುತ್ತೇವೆ.