ಓಟರ್ ಲಿಸ್ಟಿನಲ್ಲಿ ಜಾತಿಯ ಕಾಲಂ ಎಲ್ಲಿದೆ?

ಚುನಾವಣೆ ಬಂತೆಂದರೆ ಸಾಕು, ತಾಳ್ಯದಿಂದ ಹೊಳಲ್ಕೆರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುವ ಮೊದಲೇ ಜಾತಿ ಲೆಕ್ಕ ಶುರು. ಲಿಂಗಾಯತರು ಇಷ್ಟು, ಮಾದಿಗರು ಇಷ್ಟು, ಭೋವಿ, ಲಂಬಾಣಿ, ಗೊಲ್ಲ, ಕುರುಬ, ನಾಯಕ, ಮುಸ್ಲಿಮರು ಇಷ್ಟಿಷ್ಟು! ಈ ಲೆಕ್ಕ ಕೊಟ್ಟವರು ಯಾರು?

ಮತದಾರರ ಪಟ್ಟಿಯಂತೂ ಅಲ್ಲ. ಅದರಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು ಇರುತ್ತವೆ, ಜಾತಿ ಇಲ್ಲ. ಧರ್ಮ, ಜನಾಂಗ, ಜಾತಿ, ಲಿಂಗದ ನೆಪದಲ್ಲಿ ಯಾರನ್ನೂ ಹೊರಗಿಡದೆ ಕ್ಷೇತ್ರಕ್ಕೆ ಒಂದೇ ಪಟ್ಟಿ ಇರಬೇಕೆಂಬುದು ಸಂವಿಧಾನದ 325ನೇ ವಿಧಿ.

ಜನಗಣತಿ ಪರಿಶಿಷ್ಟರನ್ನು ಎಣಿಸುತ್ತದೆ. 2011ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 23, ಪಂಗಡದವರು ಶೇ. 18, ಇಡೀ ರಾಜ್ಯದಲ್ಲಿ ಶೇ. 17 ಮತ್ತು 7. ಉಳಿದ ಜಾತಿಗಳ ಎಣಿಕೆಯನ್ನು 1951ರಿಂದ 2011ರವರೆಗಿನ ಯಾವ ಜನಗಣತಿಯೂ ಪ್ರಕಟಿಸಿಲ್ಲ. ರಾಜ್ಯ ಸರ್ಕಾರ 2015ರಲ್ಲೂ 2025ರಲ್ಲೂ ಮಾಡಿಸಿದ ಸಮೀಕ್ಷೆ ಜನರದ್ದು, ಮತದಾರರದ್ದಲ್ಲ.

ಹಾಗಾದರೆ ಬಸ್ಸಿನ ಲೆಕ್ಕ ಬರೀ ಅಂದಾಜು. ಹರಟೆಯಾದರೆ ಹೋಗಲಿ ಎನ್ನಬಹುದಿತ್ತು. ಆದರೆ ಟಿಕೆಟ್ ಯಾರಿಗೆ, ಸಿಮೆಂಟ್ ರಸ್ತೆ ಯಾವ ಕೇರಿಗೆ, ನೀರಿನ ಟ್ಯಾಂಕು ಯಾವ ಹಟ್ಟಿಗೆ ಎಂಬುದೂ ಇದೇ ಅಂದಾಜಿನ ಮೇಲೆ ನಿಂತರೆ, ನಾಲ್ಕೇ ಮನೆಯ ಮಡಿವಾಳರ, ಕುಂಬಾರರ ಗತಿಯೇನು?

ಹೊಳಲ್ಕೆರೆ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ಮೀಸಲು ನಿಲ್ಲುವವರಿಗೆ, ಓಟು ಎಲ್ಲರದು. ಗೆದ್ದವರು ನಾಲ್ಕು ಮನೆಯವರಿಗೂ ಶಾಸಕರೇ.

ಜಾತಿ ಲೆಕ್ಕ ಆಮೇಲಾಗಲಿ. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ? ಮೊದಲು ಅದನ್ನು ನೋಡಿಕೊಳ್ಳಿ, ಸ್ವಾಮಿ!