ಬೆಕ್ಕಿನ ಗದ್ದಕ್ಕೆ ಬೆಚ್ಚಗಿನ ನೀರು ಸಾಕು, ಡೆಟಾಲ್ ಬೇಡ

ನಿಮ್ಮ ಬೆಕ್ಕಿನ ಗದ್ದ ಎತ್ತಿ ಯಾವತ್ತಾದ್ರೂ ನೋಡಿದ್ದೀರಾ? ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿಗಳು ಕಂಡರೆ ಗಾಬರಿ ಬೇಡ. ಬೆಕ್ಕಿಗೂ ಮೊಡವೆ ಬರುತ್ತೆ!

ಬೆಕ್ಕಿನ ಗದ್ದದಲ್ಲಿ ಎಣ್ಣೆ ಗ್ರಂಥಿಗಳು ಜಾಸ್ತಿ. ನಮ್ಮ ಬೆಳ್ಳಿ ನನ್ನ ಲ್ಯಾಪ್‌ಟಾಪ್ ಮೂಲೆಗೆ ಗದ್ದ ಉಜ್ಜುತ್ತಾಳಲ್ಲ, ಅದು ‘ಇದು ನಂದು’ ಅಂತ ತನ್ನ ವಾಸನೆ ಅಂಟಿಸೋ ಕೆಲಸ. ಆ ಎಣ್ಣೆ ಕೂದಲ ಬುಡದಲ್ಲಿ ಕಟ್ಟಿಕೊಂಡರೆ ಕಪ್ಪು ಚುಕ್ಕಿ ಆಗುತ್ತೆ.

ಮೊದಲು ಅದು ಚಿಗಟದ ಹಿಕ್ಕೆ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ಉದುರಿದ ಕಪ್ಪು ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಉಜ್ಜಿ. ಕೆಂಪು-ಕಂದು ಬಣ್ಣ ಬಿಟ್ಟರೆ ಚಿಗಟ. ಅದರ ಚಿಕಿತ್ಸೆಯೇ ಬೇರೆ.

ಮೊಡವೆ ಅಂತಾದರೆ ಮನೆಯಲ್ಲಿ ಮಾಡೋದು ಎರಡೇ ಕೆಲಸ.

ಒಂದು, ಪ್ಲಾಸ್ಟಿಕ್ ಬಟ್ಟಲು ಎತ್ತಿಡಿ. ಅದರ ಸಣ್ಣ ಗೀರುಗಳಲ್ಲಿ ಜಿಡ್ಡು, ಬ್ಯಾಕ್ಟೀರಿಯಾ ಕೂತುಬಿಡುತ್ತೆ. ಸ್ಟೀಲ್ ಅಥವಾ ಪಿಂಗಾಣಿಯ ಅಗಲವಾದ, ಆಳವಿಲ್ಲದ ತಟ್ಟೆ ಇಡಿ. ದಿನಾ ತೊಳೆಯಿರಿ. ನೀರಿನ ಬಟ್ಟಲಿಗೂ ಇದೇ ನಿಯಮ.

ಎರಡು, ಮೆತ್ತನೆಯ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಗದ್ದದ ಮೇಲೆ ಒಂದೆರಡು ನಿಮಿಷ ಹಿಡಿದು ನಿಧಾನಕ್ಕೆ ಒರೆಸಿ. ಆಮೇಲೆ ಒಣಗಿಸಿ. ಹಿಚುಕಬೇಡಿ, ಬ್ರಷ್ ಹಾಕಿ ತಿಕ್ಕಬೇಡಿ. ಬೆಳ್ಳಿಗೆ ನಾನು ಇದನ್ನು ಮಾಡೋದು ಅವಳು ನಿದ್ದೆಗಣ್ಣಲ್ಲಿ ಇರುವಾಗ. ಇಲ್ಲಾಂದ್ರೆ ಕೈಗೆ ಪರಚು ಗ್ಯಾರಂಟಿ.

ಇಷ್ಟೇನಾ? ಹೌದು, ಇಷ್ಟೇ. ನಿಜವಾದ ಅಪಾಯ ಮೊಡವೆಯಲ್ಲಿ ಇಲ್ಲ, ನಮ್ಮ ಮನೆಯ ಔಷಧಿ ಡಬ್ಬದಲ್ಲಿದೆ.

ನಮ್ಮ ದೇಹ ಸುಲಭವಾಗಿ ಕರಗಿಸಿ ಹೊರಹಾಕುವ ಎಷ್ಟೋ ರಾಸಾಯನಿಕಗಳನ್ನು ಬೆಕ್ಕಿನ ಲಿವರ್‌ಗೆ ಸಂಭಾಳಿಸೋಕೆ ಆಗಲ್ಲ. ಗದ್ದಕ್ಕೆ ನೀವು ಏನೇ ಹಚ್ಚಿ, ಅದು ಮುಂಗಾಲಲ್ಲಿ ಒರೆಸಿಕೊಂಡು ಆ ಕಾಲನ್ನು ನೆಕ್ಕುತ್ತೆ. ಅಂದರೆ ಹಚ್ಚಿದ್ದೆಲ್ಲ ಹೊಟ್ಟೆಗೇ. ಡೆಟಾಲ್‌ನಲ್ಲಿರುವ ಕ್ಲೋರೋಕ್ಸಿಲೆನಾಲ್ ಬೆಕ್ಕಿಗೆ ವಿಷ. ‘ನ್ಯಾಚುರಲ್’ ಅಂತ ಮಾರೋ ಟೀ ಟ್ರೀ ಎಣ್ಣೆಯೂ ವಿಷ. ನಮ್ಮ ಮೊಡವೆ ಕ್ರೀಮುಗಳೂ ಬೇಡ. ನೋವಾಗಿರಬಹುದು ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ; ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

‘ಸ್ವಲ್ಪ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚೇ’ ಅಂತ ಅಮ್ಮ ಫೋನಲ್ಲಿ ಹೇಳಿದ್ದರು. ಎಣ್ಣೆ ಕಟ್ಟಿಕೊಂಡು ಬಂದ ತೊಂದರೆಗೆ ಮತ್ತೆ ಎಣ್ಣೆ ಯಾಕಮ್ಮ ಅಂದೆ. ಅರಿಶಿನ ಬಳಿದರೆ ಚರ್ಮ ಕೆಂಪಾಗಿದೆಯಾ ಇಲ್ಲವಾ ಅನ್ನೋದೇ ಕಾಣಲ್ಲ.

ಒಂದೆರಡು ವಾರ ಹೀಗೆ ಮಾಡಿ ನೋಡಿ. ವಾರಕ್ಕೊಂದು ಫೋಟೋ ತೆಗೆದಿಟ್ಟರೆ ಹೋಲಿಸೋಕೆ ಸುಲಭ. ಚರ್ಮದಲ್ಲಿ ತುರಿಕೆ, ಕೆಂಪು ಏನೂ ಇಲ್ಲದೆ ನಾಲ್ಕು ಚುಕ್ಕಿ ಉಳಿದರೆ ಉಳಿಯಲಿ ಬಿಡಿ, ಬೆಕ್ಕಿಗೆ ಅದರ ಚಿಂತೆ ಇಲ್ಲ.

ಆದರೆ ಗದ್ದ ಊದಿಕೊಂಡರೆ, ಕೀವು ಅಥವಾ ರಕ್ತ ಬಂದರೆ, ಮುಟ್ಟಿದರೆ ನೋವು ಅಂತ ಕಿರುಚಿದರೆ, ಊಟ ಬಿಟ್ಟರೆ ಕಾಯಬೇಡಿ, ಪಶುವೈದ್ಯರ ಹತ್ತಿರ ಹೋಗಿ. ಕೂದಲು ದುಂಡಗೆ ಉದುರುತ್ತಿದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಮನೆಮಂದಿಗೂ ಅಂಟುತ್ತೆ. ಕ್ಲೋರ್‌ಹೆಕ್ಸಿಡಿನ್‌ನಂಥ ದ್ರಾವಣ ಬೇಕಾದರೂ ಎಷ್ಟು ನೀರು ಬೆರೆಸಬೇಕು ಅಂತ ವೈದ್ಯರನ್ನೇ ಕೇಳಿ.

ಇವತ್ತು ರಾತ್ರಿ ಊಟ ಹಾಕುವಾಗ ಆ ಬಟ್ಟಲು ಯಾವುದರದ್ದು ಅಂತ ಒಮ್ಮೆ ನೋಡಿ. ಪ್ಲಾಸ್ಟಿಕ್ ಆಗಿದ್ದರೆ ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ಬೆಕ್ಕಿನ ಹೆಸರಿಗೆ ಬರೆದುಬಿಡಿ.