ಟಿಡಿಎಸ್ ಮೀಟರ್‌ಗೆ ಕಾಣದ ಫ್ಲೋರೈಡ್

ನಮ್ಮ ಕಡೆ ಒಂದು ಮಾತಿದೆ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಮರುಳಸಿದ್ಧೇಶ್ವರ ದೇವಸ್ಥಾನದ ಒಳಗಿನ ಕೆತ್ತನೆ ನೋಡಿದವರಿಗೆ ಇದರ ಅರ್ಥ ಗೊತ್ತು. ಈ ಮಾತು ಕೂಡ್ಲಿಗಿ ಸೀಮೆಯ ಬೋರ್‌ವೆಲ್ ನೀರಿಗೂ ಸಲ್ಲುತ್ತೆ ಅಂತೀವಿ ನಾವು. ಹೊರಗಿಂದ ನೋಡಿದರೆ ತಿಳಿ ನೀರು. ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆ ಮಾತ್ರ ಎಷ್ಟೋ ಕಡೆ ಮಿತಿ ಮೀರಿದ ಫ್ಲೋರೈಡ್.

ಸಿಇಟಿಗೆ ಉರು ಹೊಡೆದ ಪಿರಿಯಾಡಿಕ್ ಟೇಬಲ್ ಸ್ವಲ್ಪ ನೆನಪಿಸಿಕೊಳ್ಳಿ. 17ನೇ ಗುಂಪು ಹ್ಯಾಲೊಜೆನ್‌ಗಳದ್ದು: ಹೊರಕವಚದಲ್ಲಿ 7 ಎಲೆಕ್ಟ್ರಾನ್, ಇನ್ನೊಂದು ಸಿಕ್ಕರೆ ಸಾಕು ಅನ್ನೋ ಹಸಿವು. ಪಕ್ಕದ 18ನೇ ಗುಂಪು ಜಡ ಅನಿಲಗಳದ್ದು: ಹೊಟ್ಟೆ ತುಂಬಿದವರು, ಯಾರ ತಂಟೆಗೂ ಹೋಗಲ್ಲ. ಹ್ಯಾಲೊಜೆನ್‌ಗಳಲ್ಲೆಲ್ಲ ಹೆಚ್ಚು ಹಸಿವು ಫ್ಲೋರಿನ್‌ಗೆ. ಅದನ್ನು ಬೇರ್ಪಡಿಸಲು ಹೋಗಿ ಹಲವು ವಿಜ್ಞಾನಿಗಳು ವಿಷಕ್ಕೆ ತುತ್ತಾದರು. ಕೊನೆಗೆ 1886ರಲ್ಲಿ ಹೆನ್ರಿ ಮೊಯ್ಸಾನ್ ಗೆದ್ದರು, 1906ರಲ್ಲಿ ನೊಬೆಲ್ ಪಡೆದರು.

ನೀರಿನಲ್ಲಿರೋದು ಆ ಅನಿಲ ಅಲ್ಲ, ಫ್ಲೋರೈಡ್ ಅಯಾನ್. ಅದರಲ್ಲಿ 10 ಎಲೆಕ್ಟ್ರಾನ್, ನಿಯಾನ್‌ನಲ್ಲೂ 10. ಹಾಗಾದರೆ ಇದೂ ನಿಯಾನ್ ಥರ ಸುಮ್ಮನಿರಬೇಕಲ್ವಾ? ಇರಲ್ಲ. ನಿಯಾನ್‌ಗೆ ಚಾರ್ಜ್ ಇಲ್ಲ, ಇದಕ್ಕೆ ಋಣ ಚಾರ್ಜ್ ಇದೆ. ಗಾತ್ರವೂ ಚಿಕ್ಕದು. ಕ್ಯಾಲ್ಸಿಯಂ ಕಂಡರೆ ಬಿಡಲ್ಲ. ನಮ್ಮ ಹಲ್ಲು, ಮೂಳೆಯ ಖನಿಜದಲ್ಲಿ ಹೈಡ್ರಾಕ್ಸಿಲ್ ಕೂತಿರುವ ಜಾಗಕ್ಕೆ ಹೆಚ್ಚುಕಮ್ಮಿ ಅದೇ ಅಳತೆಯ ಫ್ಲೋರೈಡ್ ಬಂದು ಕೂರುತ್ತದೆ. ಸ್ವಲ್ಪವಾದರೆ ಹಲ್ಲು ಹುಳುಕಾಗದಂತೆ ಕಾಯುತ್ತೆ, ಟೂತ್‌ಪೇಸ್ಟ್‌ನಲ್ಲಿ ಹಾಕೋದು ಅದಕ್ಕೇ. ಅತಿಯಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ವರ್ಷಗಟ್ಟಲೆ ಕುಡಿದರೆ ಕೀಲು ನೋವು, ಬಗ್ಗದ ಬೆನ್ನು. ಹಲ್ಲಿನ ಆ ಕಲೆ ಉಜ್ಜಿದರೂ ಹೋಗಲ್ಲ.

ಇದು ಹೊಸ ಸುದ್ದಿಯೇನೂ ಅಲ್ಲ. 1937ರಲ್ಲೇ ಮದರಾಸು ಪ್ರಾಂತ್ಯದ ನೆಲ್ಲೂರಿನಿಂದ ಫ್ಲೋರೋಸಿಸ್ ವರದಿಯಾಗಿತ್ತು. ಆಗ ಬಳ್ಳಾರಿ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿತ್ತು. ನಮ್ಮ ಬಯಲುಸೀಮೆಯ ಗ್ರಾನೈಟ್, ನೈಸ್ ಬಂಡೆಗಳಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ಮಳೆ ಕಮ್ಮಿ, ಬಂಡೆಯ ಬಿರುಕಿನಲ್ಲಿ ನೀರು ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಮ್ಮಿಯಿರುವ ನೀರಲ್ಲಿ ಇನ್ನೂ ಹೆಚ್ಚು ಕರಗುತ್ತದೆ.

'ಕುದಿಸಿ ಕುಡಿದರಾಯ್ತು' ಅನ್ನೋರಿದ್ದಾರೆ. ಕುದಿಸಿದರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತೆ. 'ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕ್ತಾರಲ್ಲ' ಅನ್ನೋರೂ ಇದ್ದಾರೆ. ಅದರ ಕ್ಲೋರಿನ್ ರೋಗಾಣು ಕೊಲ್ಲುತ್ತೆ, ಬೇಕೇ ಬೇಕು. ಆದರೆ ತನ್ನದೇ ಗುಂಪಿನ ಫ್ಲೋರೈಡನ್ನು ಅದು ಮುಟ್ಟೋದೂ ಇಲ್ಲ.

ಈಗ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಒಳ್ಳೆಯದು, ಆರ್‌ಒ ಪೊರೆ ಸರಿಯಿದ್ದರೆ ಫ್ಲೋರೈಡ್ ಬಹುಪಾಲು ಹೋಗುತ್ತೆ. ನಮ್ಮ ತಕರಾರು ಇರೋದು ನೀರನ್ನು ಅಳೆಯುವ ರೀತಿಗೆ. ಟಿಡಿಎಸ್ ಮೀಟರ್ ಅದ್ದಿ, ಅಂಕಿ ಕಮ್ಮಿ ಬಂದರೆ 'ನೀರು ಸೂಪರ್' ಅಂದುಬಿಡುವುದು ಸಾಮಾನ್ಯ. ಆ ಮೀಟರ್ ಅಳೆಯೋದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಸಿಗೋದು ಒಟ್ಟು ಲವಣದ ಅಂದಾಜು ಮಾತ್ರ. ಬಿಐಎಸ್ ಪ್ರಕಾರ ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ ತನಕ ಇರಬಹುದು. ಫ್ಲೋರೈಡ್ ಇರಬೇಕಾದ್ದು 1 ಮಿಲಿಗ್ರಾಂ ಒಳಗೆ, ಬೇರೆ ನೀರೇ ಇಲ್ಲದಿದ್ದರೆ 1.5. ಐನೂರರ ಲೆಕ್ಕದಲ್ಲಿ ಒಂದು ಎರಡಾದರೆ, ಎರಡು ಮೂರಾದರೆ ಆ ಮೀಟರ್‌ಗೆ ಏನು ಗೊತ್ತಾಗಬೇಕು? ರುಚಿಗೆ ಅಂತ ಬೋರ್ ನೀರನ್ನೇ ಒಂದಷ್ಟು ಬೆರೆಸಿದರೆ ಫ್ಲೋರೈಡೂ ಜೊತೆಗೇ ಬಂತು. ಘಟಕದಿಂದ ಹೊರಬೀಳುವ ರಿಜೆಕ್ಟ್ ನೀರಿನಲ್ಲಂತೂ ಅದು ಇನ್ನೂ ಹೆಚ್ಚು. ಆ ನೀರನ್ನು ಬೋರ್ ಪಕ್ಕದ ಗುಂಡಿಗೇ ಬಿಟ್ಟರೆ ತೆಗೆದದ್ದನ್ನು ಮತ್ತೆ ನೆಲಕ್ಕೆ ಹಾಕಿದ ಹಾಗೆ.

ತುಂಗಭದ್ರೆಯ ನದಿ ನೀರು ಮನೆಮನೆಗೆ ಬಂದರೆ ಇದೆಲ್ಲ ಯಾಕೆ ಅನ್ನಬಹುದು. ಒಪ್ಪುತ್ತೇವೆ, ಶಾಶ್ವತ ಪರಿಹಾರ ಅದೇ. ಆದರೆ ನಲ್ಲಿ ಒಣಗಿದ ದಿನ ಜನ ಕೊಡ ಹಿಡಿದು ಹೋಗೋದು ಬೋರ್‌ವೆಲ್ ಹತ್ತಿರವೇ. ಪೈಪ್‌ಲೈನ್ ಬರಲಿ ಅಂತ ಮಗುವಿನ ಹಲ್ಲು ಕಾಯಲ್ಲ.

ಹಾಗಾಗಿ ನಾವು ಕೇಳೋದು ಒಂದೇ. ಪ್ರತಿ ಘಟಕದ ಮುಂದೆ ಒಂದು ಬೋರ್ಡ್ ಇರಲಿ: ಫ್ಲೋರೈಡ್ ಎಷ್ಟು, ಪರೀಕ್ಷೆ ಆದ ದಿನಾಂಕ ಯಾವುದು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಇದನ್ನು ಕೇಳುವ ಹಕ್ಕು ಊರವರಿಗಿದೆ. ಅಳೆಯುವ ವಿದ್ಯೆ ನಮ್ಮ ಹತ್ತಿರ ಇದೆ. ಹನಿ ಹಾಕಿ ಬಣ್ಣ ನೋಡುವ ಫೀಲ್ಡ್ ಕಿಟ್ ಸಿಗುತ್ತೆ, ನಿಖರವಾಗಿ ಬೇಕಿದ್ದರೆ ಅಯಾನ್ ಮೀಟರ್ ಇದೆ. ಗೆರೆ ಹಿಂಬಾಲಿಸುವ ರೋಬೋ ಮಾಡೋಣ, ಬೇಡ ಅನ್ನಲ್ಲ. ಈ ಸಲದ ಮಿನಿ ಪ್ರಾಜೆಕ್ಟ್‌ಗೆ ಮಾತ್ರ ರಜೆಗೆ ಊರಿಗೆ ಹೋದಾಗ ಒಂದೊಂದು ಬಾಟಲಿ ನೀರು ತನ್ನಿ. ಲ್ಯಾಬ್‌ನಲ್ಲಿ ಕೂತು ಅಳೆಯೋಣ, ಬಂದ ಅಂಕಿಯನ್ನು ನಿಮ್ಮ ಗ್ರಾಮ ಪಂಚಾಯಿತಿಗೆ ಬರೆದು ಕೊಡೋಣ.